ಹೊಲಿಗೆಯಕ್ಕನ ಹೊಟ್ಟೆನೋವು

ಆ ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹೊಲಿಗೆಯಕ್ಕ ಎಂದು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಹದಿನಾರು ಪುಟಕ್ಕೊಂದು ಫಾರಂ ಮಾಡಿ, ಫಾರಂಗಳನ್ನು ಒಂದರ ಮೇಲೊಂದು ಪೇರಿಸಿ, ಮೇಣ ತಿಕ್ಕಿದ ದಾರದಿಂದ ಬೆನ್ನಿನ ಕಡೆ ಹೊಲಿಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅದೇ ಬೆಂಚು, ಅದೇ ಕಿಟಕಿ. ದಾರ ಎಳೆದೆಳೆದು ತೋರುಬೆರಳಿನ ಬದಿಯಲ್ಲಿ ಒಂದು ಗೆರೆಯೇ ಬಿದ್ದುಹೋಗಿತ್ತು. ಅವಳು ಹೊಲಿದ ಪುಸ್ತಕದ ಹಾಳೆ ಹರಿದೀತೇ ಹೊರತು ಕಿತ್ತು ಬರುತ್ತಿರಲಿಲ್ಲ. ಇಷ್ಟಿದ್ದೂ ಅಂಗಡಿಯಲ್ಲಿ ಅವಳ ಮಾತು ಬಂದರೆ ಜನರಿಗೆ ಮೊದಲು ನೆನಪಾಗುತ್ತಿದ್ದದ್ದು ಅವಳ ರಜೆ. ತಿಂಗಳಿಗೆ ಎರಡು ದಿನ, ಒಮ್ಮೊಮ್ಮೆ ಮೂರು.

"ಈ ಸಲ ಯಾವ ಹೊಟ್ಟೆ?" ಎಂದು ಯಜಮಾನ ಕೇಳುತ್ತಿದ್ದ. "ಹೋದ ತಿಂಗಳು ಕೆಟ್ಟಿದ್ದ ಹೊಟ್ಟೆನೇನಾ, ಇಲ್ಲ ಹೊಸದೊಂದು ತಂದಿದ್ದೀಯಾ?"

ಸುತ್ತಲಿದ್ದವರು ನಗುತ್ತಿದ್ದರು. ಅವಳೂ ನಕ್ಕಂತೆ ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಂಟು ಕಾಯಿಸುವ ಮುದುಕನೊಬ್ಬ ಮಾತ್ರ ನಗುತ್ತಿರಲಿಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅದಕ್ಕೆ.

ಅವಳಿಗೆ ಮೂವತ್ತೊಂಬತ್ತು ತುಂಬಿದ ವರ್ಷ ಒಂದು ಅನಾಹುತವಾಯಿತು. ರಟ್ಟು ಅಂಟಿಸುವವನು ಬಂದಿರಲಿಲ್ಲವೆಂದು ಆ ಕೆಲಸವೂ ಅವಳ ತಲೆಗೇ ಬಿದ್ದಿತ್ತು. ಬೆಳಿಗ್ಗೆಯಿಂದಲೇ ಕಿಬ್ಬೊಟ್ಟೆಯೊಳಗೆ ಯಾರೋ ಕೈ ಹಾಕಿ ಕಿವುಚುತ್ತಿದ್ದಂತಿತ್ತು. ಸೊಂಟ ಕಳಚಿ ಬೀಳುವಂತಾಗಿ, ತೊಡೆಗಳಿಗೆಲ್ಲ ನೋವು ಇಳಿದು, ಹಣೆಯಲ್ಲಿ ತಣ್ಣನೆ ಬೆವರು. ಒಂದು ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡು ಇನ್ನೊಂದು ಕೈಯಿಂದ ಅಂಟಿಸುತ್ತ ಹೋದಳು. ಸಂಜೆ ಒತ್ತುಯಂತ್ರದಿಂದ ಪುಸ್ತಕ ಹೊರಗೆ ತೆಗೆದಾಗ ನೋಡಿದರೆ, ಯಾವುದೋ ಕಚೇರಿಗೆ ಹೋಗಬೇಕಾದ ಮುನ್ನೂರು ಹಾಜರಿ ಪುಸ್ತಕಗಳ ರಟ್ಟು ತಲೆಕೆಳಗಾಗಿ ಕೂತಿತ್ತು.

ಯಜಮಾನ ಅವತ್ತು ತಮಾಷೆ ಮಾಡಲಿಲ್ಲ. "ನೋಡಮ್ಮಾ, ನನಗೂ ಮನೇಲಿ ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರು ಯಾರೂ ನಿನ್ನ ಹಾಗೆ ಆಡೋದಿಲ್ಲ. ಇನ್ನೊಂದ್ಸಲ ಹೀಗಾದ್ರೆ ಮನೇಲೇ ಇದ್ದುಬಿಡು," ಎಂದ.

ಅವಳು ಹೂಂ ಎಂದಳು. ಆ ಮುನ್ನೂರನ್ನೂ ಬಿಚ್ಚಿ ಸರಿಮಾಡಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ನೋವಿನಲ್ಲೇ ಕಳೆದವು.

ಈ ನೋವು ಅವಳ ಬೆನ್ನು ಹತ್ತಿದ್ದು ಹದಿಮೂರನೇ ವಯಸ್ಸಿನಲ್ಲಿ. ಪರೀಕ್ಷೆ ಬರೆಯುತ್ತಿದ್ದವಳು ಕಣ್ಣು ಕತ್ತಲೆ ಬಂದು ಬೆಂಚಿನಿಂದ ಜಾರಿ ಬಿದ್ದಿದ್ದಳು. ಓದಿಲ್ಲದ್ದಕ್ಕೆ ನಾಟಕ ಎಂದು ಮೇಷ್ಟರು ಸಿಡುಕಿದರು. ಅವಳ ಅಮ್ಮ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಹಾಕುವವಳು. ಸುದ್ದಿ ಕೇಳಿ ಕೆಲಸದ ನಡುವೆಯೇ ಓಡಿ ಬಂದು ಮಗಳನ್ನು ಮನೆಗೆ ಕರೆದೊಯ್ದಳು. ಬಾಗಿಲು ಹಾಕಿ, ಒಂದು ಉದ್ದನೆಯ ಟವೆಲನ್ನು ಮಗಳ ಹೊಟ್ಟೆಗೆ ಬಿಗಿಯಾಗಿ ಬಿಗಿದು ಗಂಟು ಹಾಕಿದಳು.

"ಹೀಗೆ ಕಟ್ಕೊಂಡು ಮಲಗು. ಅಪ್ಪನ ಹತ್ರ ಹೇಳ್ಬೇಡ. ಎಲ್ಲರಿಗೂ ಇರೋದೇ ಇದು, ನಿನಗೊಬ್ಬಳಿಗೇ ಅಲ್ಲ."

"ನಿನಗೂ ಹೀಗೇ ಆಗುತ್ತಾ ಅಮ್ಮಾ?"

"ನಂದಿರಲಿ. ಹಲ್ಲು ಕಚ್ಕೊಂಡು ಇರೋದು ಕಲಿ. ಮದುವೆ ಆದ್ರೆ ಸರಿಹೋಗುತ್ತೆ."

ಇಪ್ಪತ್ತೆರಡಕ್ಕೆ ಮದುವೆಯಾಯಿತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ಸಂಜೆ ಬರುವಾಗ ಗ್ರೀಸ್ ಮೆತ್ತಿದ ಕೈಯನ್ನು ಬಾಗಿಲಲ್ಲೇ ಒರೆಸಿಕೊಂಡು ಒಳಗೆ ಕಾಲಿಡುವಂಥವನು. ಆದರೆ ಅವನು ಹತ್ತಿರ ಬಂದರೆ ಅವಳಿಗೆ ಒಳಗೆಲ್ಲೋ ಚಾಕು ಆಡಿಸಿದಂತೆ ನೋವಾಗುತ್ತಿತ್ತು. ಮೊದಮೊದಲು ತುಟಿ ಕಚ್ಚಿ ಸಹಿಸಿದಳು. ಆಮೇಲಾಮೇಲೆ ಅವನು ಪಕ್ಕಕ್ಕೆ ಹೊರಳಿದರೇ ಮೈಯೆಲ್ಲ ಸೆಟೆದುಕೊಳ್ಳತೊಡಗಿತು. ಅವನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಇಂಥದ್ದನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಇಬ್ಬರಿಗೂ ಯಾರೂ ಕಲಿಸಿರಲಿಲ್ಲ. ಮಗು ಆದರೆ ಸರಿಹೋಗುತ್ತದೆ ಎಂದು ಅತ್ತೆ ಹೇಳಿದಳು. ಮಗು ಆಗಲಿಲ್ಲ. ಒಬ್ಬ ಡಾಕ್ಟರಿಗೆ ತೋರಿಸಿದ್ದಕ್ಕೆ ಆತ ತಲೆಯೆತ್ತದೆ ಶಕ್ತಿಯ ಟಾನಿಕ್ಕು ಬರೆದುಕೊಟ್ಟು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದು ಕಳಿಸಿದ.

ಒಂಬತ್ತನೇ ವರ್ಷ ಗಂಡ ಮನೆ ಬಿಟ್ಟ. ಜಗಳವಿಲ್ಲ, ರಂಪವಿಲ್ಲ. ಹೋಗುವ ಮುಂಚೆ ಸೋರುತ್ತಿದ್ದ ನಲ್ಲಿಗೆ ಹೊಸ ವಾಷರ್ ಹಾಕಿ, ಕೆಟ್ಟಿದ್ದ ಸ್ವಿಚ್ಚು ಸರಿಮಾಡಿ, ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ನನ್ನ ಕಂಡ್ರೆ ನಿನಗೆ ಆಗಲ್ಲ. ಬಲವಂತಕ್ಕೆ ಯಾಕೆ ಒಟ್ಟಿಗಿರೋದು," ಎಂದಷ್ಟೇ ಹೇಳಿದ.

ಅಲ್ಲಿಂದಾಚೆ ಅವಳು ತಂಗಿಯ ಮನೆಯಲ್ಲಿದ್ದಳು. ತಂಗಿ ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಅಮ್ಮನೂ ಅಲ್ಲೇ. ಎರಡು ಕೋಣೆ, ಅಮ್ಮ, ಅವಳು, ತಂಗಿಯ ಮಗಳು ಒಂದರಲ್ಲಿ. ಹುಡುಗಿಗೆ ಹದಿನಾಲ್ಕು. ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ದೊಡ್ಡಮ್ಮ ಎಂದರೆ ಅವಳಿಗೆ ಪ್ರಾಣ.

ರಟ್ಟಿನ ಅನಾಹುತವಾಗಿ ಎರಡು ತಿಂಗಳಿಗೆ ಹೊಲಿಗೆಯಕ್ಕ ಒಂದು ಮಧ್ಯಾಹ್ನ ಮನೆಗೆ ಬಂದರೆ ಪುಟ್ಟಿ ಶಾಲೆಗೆ ಹೋಗದೆ ಗೋಡೆಗೆ ಮುಖ ಮಾಡಿ ಮುದುಡಿ ಬಿದ್ದಿದ್ದಳು. ಹೊಟ್ಟೆಗೊಂದು ಟವೆಲು ಬಿಗಿದಿತ್ತು. ಗಂಟು ಹಾಕಿದ ಕೈ ಯಾರದೆಂದು ಅವಳು ಕೇಳಬೇಕಾಗಿರಲಿಲ್ಲ.

"ಎಲ್ಲರಿಗೂ ಇರೋದೇ ಅಲ್ವಾ ಅಕ್ಕಾ," ಎಂದಳು ತಂಗಿ ಸಂಜೆ. "ಒಂದಿನ ಮಲಗ್ತಾಳೆ, ಎದ್ದೇಳ್ತಾಳೆ. ಇದಕ್ಕೆಲ್ಲ ಆಸ್ಪತ್ರೆ ಅಂತ ಹೋದ್ರೆ ನಾಳೆ ಮೂಗು ಸೋರಿದ್ರೂ ಹೋಗ್ಬೇಕಾಗುತ್ತೆ."

"ನನ್ನನ್ನ ನೋಡಿಯೂ ಹಾಗಂತೀಯಾ?"

ತಂಗಿ ತಿರುಗಿ ನೋಡಿದಳು. ಅಕ್ಕ ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ. ಹುಡುಗಿ ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ಆ ಕಚ್ಚಿದ ದವಡೆ ಕಂಡೇ ಹೊಲಿಗೆಯಕ್ಕ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿದ್ದಳು.

ಮರುದಿನ ಯಜಮಾನನಿಗೆ ಹೇಳಿ ಕಳಿಸದೆಯೇ ಅವಳು ಪುಟ್ಟಿಯನ್ನು ಹೆರಿಗೆ ಆಸ್ಪತ್ರೆಗೆ ಕರೆದೊಯ್ದಳು. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ, ತುಂಬು ಬಸುರಿಯರ ನಡುವೆ ಒಂದು ಜೊತೆ ಖಾಲಿ ಕುರ್ಚಿ. ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಡಾಕ್ಟರಮ್ಮ ವಯಸ್ಸಾದವಳು, ಕನ್ನಡಕ ಹಣೆಗೇರಿಸಿಕೊಂಡು ಪುಟ್ಟಿಯ ಮುಖವನ್ನೇ ನೋಡಿ ಮಾತಾಡಿದಳು. ಯಾವಾಗ ಶುರುವಾಯಿತು, ನೋವು ಎಷ್ಟು ದಿನ ಇರುತ್ತದೆ, ವಾಂತಿಯಾಗುತ್ತದೆಯೇ, ಬೇರೆ ದಿನಗಳಲ್ಲೂ ನೋಯುತ್ತದೆಯೇ ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ಮೇಜಿನ ಮೇಲಿದ್ದ ಒದ್ದೆ ಕರವಸ್ತ್ರ ಎತ್ತಿಕೊಂಡು ಮುಷ್ಟಿಯಲ್ಲಿ ಹಿಂಡಿ ತೋರಿಸಿದಳು.

"ಗರ್ಭಕೋಶ ಅಂದ್ರೆ ಸ್ನಾಯುವಿನ ಒಂದು ಚೀಲ ಕಣಮ್ಮಾ. ಒಳಗಿನ ಪದರ ಕಳಚಿ ಹೊರಗೆ ಹಾಕೋಕೆ ಅದು ಹೀಗೆ ಹಿಂಡ್ಕೊಳ್ಳುತ್ತೆ. ಹಿಂಡು ಅಂತ ಹೇಳೋ ಒಂದು ರಸಾಯನ ಅಲ್ಲೇ ಹುಟ್ಟುತ್ತೆ. ಕೆಲವರಿಗೆ ಅದು ಜಾಸ್ತಿ. ಜಾಸ್ತಿ ಹಿಂಡಿದಷ್ಟು ಹೊತ್ತು ಆ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗಲ್ಲ, ಅದಕ್ಕೇ ನೋವು. ನಿನ್ನದು ನಾಟಕ ಅಲ್ಲ, ಸೋಮಾರಿತನಾನೂ ಅಲ್ಲ. ಗೊತ್ತಾಯ್ತಾ?"

ಪುಟ್ಟಿ ತಲೆಯಾಡಿಸಿದಳು.

"ಮಾತ್ರೆ ಯಾವಾಗ ತಗೋತೀಯಾ?"

"ತಡ್ಕೊಳ್ಳೋಕೆ ಆಗದೇ ಇದ್ದಾಗ. ಒಂದೋ ಎರಡೋ ಸಲ ತಗೊಂಡೆ, ಏನೂ ಆಗ್ಲಿಲ್ಲ."

"ಅಲ್ಲೇ ತಪ್ಪಿದ್ದು. ಈ ಮಾತ್ರೆ ಕೆಲಸ ಮಾಡೋದೇ ಆ ರಸಾಯನ ಹುಟ್ಟದ ಹಾಗೆ ತಡೆದು. ಎಲ್ಲಾ ಹುಟ್ಟಿ ಕೂತ ಮೇಲೆ ನುಂಗಿದ್ರೆ ಏನು ಪ್ರಯೋಜನ? ನೋವು ಇನ್ನೇನು ಶುರುವಾಗ್ತಿದೆ ಅನ್ನೋವಾಗಲೇ ತಗೋ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ತಗೋ, ಖಾಲಿ ಹೊಟ್ಟೇಲಿ ಬೇಡ. ನಾನು ಬರ್ಕೊಟ್ಟಷ್ಟೇ, ಜಾಸ್ತಿ ಬೇಡ, ಎರಡು ಮೂರು ದಿನ ಸಾಕು. ಬಿಸಿನೀರಿನ ಚೀಲ ಕಿಬ್ಬೊಟ್ಟೆ ಮೇಲೆ ಇಟ್ಕೋ, ಬಟ್ಟೆ ಸುತ್ತಿ, ಚರ್ಮ ಸುಡಬಾರದು. ಹೊಟ್ಟೆಗೆ ಟವೆಲು ಬಿಗಿಯೋದೇನಾದ್ರೂ ಇದ್ರೆ ಬಿಡು. ಆದಷ್ಟು ಓಡಾಡು. ಮೂರು ತಿಂಗಳು ಹೀಗೆ ಮಾಡಿಯೂ ನೋವು ಜಗ್ಗಲಿಲ್ಲ ಅಂದ್ರೆ, ಇಲ್ಲಾ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಾ ಹೋದ್ರೆ, ಬೇರೆ ದಿನಗಳಲ್ಲೂ ಬಂದ್ರೆ, ಇಲ್ಲಿಗೆ ಬಾ. ಆಗ ಬೇರೆ ಏನೋ ಇದೆ ಅಂತ ಅರ್ಥ."

ಬರೆಯುತ್ತಿದ್ದ ಡಾಕ್ಟರಮ್ಮ ತಲೆಯೆತ್ತಿ ನೋಡಿದರೆ, ಹುಡುಗಿಯ ಹಿಂದೆ ನಿಂತಿದ್ದ ಹೆಂಗಸಿನ ಮುಖ ಸುಣ್ಣದಂತಾಗಿತ್ತು.

"ನಿಮಗೇನಾಯ್ತಮ್ಮಾ?"

"ನನಗೆ... ನೀವು ಕೊನೇಲಿ ಹೇಳಿದ್ದೆಲ್ಲ ನನಗಿದೆ," ಎಂದಳು ಹೊಲಿಗೆಯಕ್ಕ.

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಇಷ್ಟು ವರ್ಷ ಯಾರಿಗೂ ಹೇಳ್ಲೇ ಇಲ್ವಾ?"

"ಹೇಳಿದ್ದೆ ಮೇಡಂ. ಎಲ್ಲರಿಗೂ ಹೇಳಿದ್ದೆ."

ಅವತ್ತೇ ಅವಳನ್ನು ಪರೀಕ್ಷಿಸಿ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಮುಂದಿನ ವಾರ ಫಲಿತಾಂಶ ಬಂತು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅದು ಇರಬಾರದ ಜಾಗಗಳಲ್ಲಿ, ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆದು ಕೂತಿತ್ತು. ಪ್ರತಿ ತಿಂಗಳೂ ಅದು ಅಲ್ಲಲ್ಲೇ ಊದಿಕೊಂಡು, ಒಸರಿ, ಗಾಯವಾಗಿ, ಒಂದು ಅಂಗಕ್ಕೆ ಇನ್ನೊಂದು ಅಂಗವನ್ನು ಅಂಟಿಸಿಬಿಟ್ಟಿತ್ತು. ಎಡಗಡೆಯ ಅಂಡಾಶಯದಲ್ಲಿ ಹಳೆಯ ಕಪ್ಪು ರಕ್ತ ತುಂಬಿದ ಗಂಟು. ಗಂಡನ ಜೊತೆ ಮಲಗಿದಾಗ ಆಗುತ್ತಿದ್ದ ನೋವು, ಮಗು ಆಗದೇ ಹೋದದ್ದು, ಶೌಚಕ್ಕೆ ಕೂತಾಗ ಕಣ್ಣಲ್ಲಿ ನೀರು ಬರುತ್ತಿದ್ದದ್ದು, ಎಲ್ಲಕ್ಕೂ ಇದೇ ಮೂಲವಾಗಿರಬಹುದು ಎಂದು ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದಳು. ಇದು ಅಪರೂಪದ್ದೇನಲ್ಲ, ಎಷ್ಟೋ ಹೆಂಗಸರಿಗಿದೆ ಎಂದಳು. ಮೊದಲೇ ಬಂದಿದ್ದರೆ ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದಳು.

ಹೊಲಿಗೆಯಕ್ಕ ಬಸ್ಸು ಹತ್ತದೆ ನಡೆದೇ ಮನೆಗೆ ಬಂದಳು. ದಾರಿಯುದ್ದಕ್ಕೂ ಅಮ್ಮನಿಗೆ ಏನೇನು ಹೇಳಬೇಕೆಂದು ಕೂಡಿಟ್ಟುಕೊಂಡಳು. ಇಪ್ಪತ್ತಾರು ವರ್ಷದ್ದನ್ನೆಲ್ಲ ಒಂದೇ ಸಲ ಮುಖದ ಮೇಲೆ ಎಸೆಯಬೇಕೆನ್ನಿಸಿತ್ತು. ಅಮ್ಮ ಕಿಟಕಿಯ ಹತ್ತಿರ ಕೂತು ಪುಟ್ಟಿಯ ಶಾಲೆಯ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಇಸ್ತ್ರಿಯ ಉಗಿ ಸುಟ್ಟ ಕಲೆಗಳು ಮೊಣಕೈವರೆಗೂ ಇದ್ದವು.

"ಅದಕ್ಕೊಂದು ಹೆಸರಿದೆಯಂತೆ ಅಮ್ಮಾ," ಎಂದಳು. "ಕಾಯಿಲೆಯಂತೆ. ಎಲ್ಲರಿಗೂ ಇರೋದಲ್ವಂತೆ."

ಆಮೇಲೆ ಎಲ್ಲ ಹೇಳಿದಳು. ಗಂಟಿನ ವಿಷಯ, ಅಂಟಿಕೊಂಡ ಕರುಳಿನ ವಿಷಯ, ಮಗುವಿನ ವಿಷಯ. ಅಮ್ಮನ ಸೂಜಿ ನಿಂತಿತು. ಅಂಗಿಯ ಕಾಲರನ್ನು ಬೆರಳಿಂದ ನೀವಿದಳು.

"ನನಗೂ ಹಾಗೇ ಇತ್ತು," ಎಂದಳು. "ಶೌಚಕ್ಕೆ ಹೋದಾಗ ಗೋಡೆ ಹಿಡ್ಕೋತಿದ್ದೆ. ನಿನಗಿಂತ ಮುಂಚೆ ಎರಡು ಬಸಿರು ನಿಲ್ಲಲಿಲ್ಲ. ನಿನ್ನಜ್ಜಿ ನನಗೆ ಟವೆಲು ಕಟ್ಟಿದ್ಳು. ಅದೊಂದು ಬಿಟ್ರೆ ಅವಳಿಗೂ ಏನೂ ಗೊತ್ತಿರ್ಲಿಲ್ಲ. ನಾನು ನಿನಗೆ ಗೊತ್ತಿದ್ದು ಮುಚ್ಚಿಡಲಿಲ್ಲ ಕಣೇ. ನನಗೆ ಗೊತ್ತಿದ್ದದ್ದೇ ಅಷ್ಟು."

ಹೊಲಿಗೆಯಕ್ಕ ಕೂಡಿಟ್ಟುಕೊಂಡು ಬಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಅಮ್ಮ ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ಅವಳು ಅಳಲಿಲ್ಲ, ಮತ್ತೆ ಗುಂಡಿ ಹಚ್ಚತೊಡಗಿದಳು. ನಾಲ್ಕನೇ ಗುಂಡಿಯನ್ನು ಕಾಜದ ಎದುರಿಗೆ ಬಿಟ್ಟು ಎಲ್ಲೋ ಹಚ್ಚಿದಳು.

ಶಸ್ತ್ರಚಿಕಿತ್ಸೆಗೆ ಮೂರು ತಿಂಗಳು ಕಾಯಬೇಕಾಯಿತು. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಒಳಗಿನದ್ದನ್ನು ಕೆರೆದು ತೆಗೆದರು. ಎಡಗಡೆಯ ಅಂಡಾಶಯವನ್ನು ಉಳಿಸಿಕೊಳ್ಳಲಾಗಲಿಲ್ಲ. ಕರುಳಿನ ಪಕ್ಕದ್ದನ್ನು ಪೂರ್ತಿ ಮುಟ್ಟುವುದು ಅಪಾಯ ಎಂದು ಸ್ವಲ್ಪ ಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಕಾಗದದ ಮೇಲೆ ಬರೆಸಿಕೊಂಡು ಬಂದ ರಜೆ ತೆಗೆದುಕೊಂಡಳು. ಡಾಕ್ಟರಮ್ಮ ಬರೆದುಕೊಟ್ಟ ಆ ಚೀಟಿಯನ್ನು ಯಜಮಾನ ಎರಡು ಸಲ ಓದಿದ, ಮಡಿಸಿ ಜೇಬಿಗಿಟ್ಟುಕೊಂಡ. "ಇದು... ಹೀಗೂ ಇರುತ್ತಾ?" ಎಂದ. ಅಲ್ಲಿಂದಾಚೆ ಅವನು ಹೊಟ್ಟೆಯ ತಮಾಷೆ ಮಾಡಲಿಲ್ಲ. ಕ್ಷಮಿಸು ಎಂದೂ ಅನ್ನಲಿಲ್ಲ. ಅವಳು ಬಂದರೆ ಬೇರೆ ಕಡೆ ನೋಡುತ್ತಿದ್ದ.

ಗಾಯ ಮಾಗಿದ ಮೇಲೆ ಅವಳಿಗೆ ಒಂದೇ ಒಂದು ಯೋಚನೆ ಕೊರೆಯತೊಡಗಿತು. ಗಂಡನಾಗಿದ್ದವನು ಅವಳಿಗೆ ತನ್ನನ್ನು ಕಂಡರಾಗದು ಎಂದು ತಿಳಿದುಕೊಂಡೇ ಹೋಗಿದ್ದ. ಅವನಿಗೆ ಈಗ ಬೇರೆ ಹೆಂಡತಿ, ಎರಡು ಮಕ್ಕಳು. ಅದನ್ನೇನೂ ಕೆದಕುವ ಆಸೆ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಅವನ ಕಂಪನಿಗೆ ಹೋಗಿ, ಅವನು ಎಲ್ಲಿ ಕೆಲಸಕ್ಕೆ ಹೋಗಿದ್ದಾನೆಂದು ವಿಚಾರಿಸಿಕೊಂಡು, ಐದು ಮಹಡಿಯ ಒಂದು ಕಚೇರಿ ಕಟ್ಟಡದ ಮುಂದೆ ನಿಂತಳು. ಒಳಗೆ 'ಲಿಫ್ಟ್ ಕೆಟ್ಟಿದೆ' ಎಂಬ ಹಲಗೆ. ಲಿಫ್ಟಿನ ತೆರೆದ ಬಾಗಿಲಿನೊಳಗಿಂದ ಅವನು ಹೊರಗೆ ಬಂದ. ತಲೆ ಮುಕ್ಕಾಲು ಬೆಳ್ಳಗಾಗಿತ್ತು.

"ಏನು, ಇಲ್ಲಿ? ಅತ್ತೆ ಹುಷಾರಾಗಿದಾರಾ?"

"ಹುಷಾರಾಗಿದಾರೆ. ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಎರಡು ನಿಮಿಷ ಸಾಕು."

ಮೆಟ್ಟಿಲ ಪಕ್ಕ ನಿಂತು ಹೇಳಿದಳು. ನೆಲ ನೋಡುತ್ತ, ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು. ಅವನು ಕೈಯೊರೆಸುವ ಬಟ್ಟೆಯನ್ನು ಒಂದೇ ಸಮ ತಿರುಚುತ್ತಿದ್ದ.

"ನನಗೆ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ ಅನ್ನೋದು ಸುಳ್ಳು. ನೋವಾಗ್ತಿತ್ತು, ಅಷ್ಟೇ. ಅದನ್ನ ಹೇಳೋಣ ಅಂತ ಬಂದೆ."

"ಒಂದೇ ಒಂದ್ಸಲ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಎಲ್ಲರಿಗೂ ಹೀಗೇ ಇರುತ್ತೆ, ಉಳಿದವರು ತಡ್ಕೋತಾರೆ, ನನಗೊಬ್ಬಳಿಗೇ ತಡ್ಕೊಳ್ಳೋಕೆ ಬರಲ್ಲ ಅಂದ್ಕೊಂಡಿದ್ದೆ. ನೀವಾದ್ರೂ ಕೇಳ್ಬಹುದಿತ್ತು."

"ಕೇಳ್ಬಹುದಿತ್ತು," ಎಂದ ಅವನು.

ಮೇಲಿನ ಮಹಡಿಯಿಂದ ಯಾರೋ ಲಿಫ್ಟು ಎಷ್ಟು ಹೊತ್ತಿಗೆ ಸರಿಹೋಗುತ್ತದೆಂದು ಕೂಗಿ ಕೇಳಿದರು. ಅವನು ಐದು ನಿಮಿಷ ಎಂದು ಕೂಗಿ ಹೇಳಿದ. "ಮೈ ಕಡೆ ನೋಡ್ಕೋ," ಎಂದಷ್ಟೇ ಹೇಳಿ ಒಳಗೆ ಹೋದ. ಅವಳು ಬೀದಿಗೆ ಬಂದು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದಳು. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಇಲ್ಲಿಯವರೆಗೆ ಅವಳೊಬ್ಬಳೇ ಹೊತ್ತದ್ದನ್ನು ಈಗ ಅವನ ಹೆಗಲಿಗೂ ಏರಿಸಿ ಬಂದಂತಾಗಿತ್ತು.

ಪುಟ್ಟಿಗೆ ಮಾತ್ರ ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಅವಳು ಒಂದು ಪುಟ್ಟ ಪುಸ್ತಕದಲ್ಲಿ ತಾರೀಖು ಬರೆದಿಟ್ಟುಕೊಂಡು, ಸೊಂಟ ಹಿಡಿದುಕೊಳ್ಳಲು ಶುರುವಾಗುತ್ತಿದ್ದಂತೆ ಎರಡು ತುತ್ತು ತಿಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಶಾಲೆ ತಪ್ಪಿಸುವಷ್ಟು ಉಳಿಯಲೂ ಇಲ್ಲ. ಮನೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದಿರುವ ಕಾಯಿಲೆ ಇರಬಹುದಾದ್ದರಿಂದ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು ಎಂದಿದ್ದರು. ತಂಗಿಯೇ ಬೇಕರಿಗೆ ರಜೆ ಹಾಕಿ ಕರೆದುಕೊಂಡು ಹೋಗುತ್ತಿದ್ದಳು. ಈಗ ಅವಳ ಬಾಯಲ್ಲಿ ಮೂಗು ಸೋರುವ ಮಾತು ಬರುತ್ತಿರಲಿಲ್ಲ.

ಹೊಲಿಗೆಯಕ್ಕನಿಗೆ ವರ್ಷವೊಂದು ಹಾಯಾಗಿ ಕಳೆಯಿತು. ಎರಡನೇ ವರ್ಷದ ಅರ್ಧದಲ್ಲಿ ನೋವು ಮತ್ತೆ ತಲೆಯೆತ್ತಿತು. ಮೊದಲಿನಷ್ಟಿಲ್ಲ, ಆದರೆ ಗುರುತು ಹತ್ತುವಷ್ಟು ಇತ್ತು. ಇದು ಹೀಗೆ ಮರಳಿ ಬರಬಹುದು, ಮುಟ್ಟು ನಿಲ್ಲುವವರೆಗೂ ಔಷಧಿಯಲ್ಲೇ ಹತೋಟಿಯಲ್ಲಿಡಬೇಕಾಗಬಹುದು ಎಂದು ಡಾಕ್ಟರಮ್ಮ ದಿನಾ ನುಂಗುವ ಬೇರೊಂದು ಮಾತ್ರೆ ಬರೆದುಕೊಟ್ಟಳು.

ಅವತ್ತು ಮಧ್ಯಾಹ್ನ ಅವಳು ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಒತ್ತಿಕೊಂಡು ಮಲಗಿದ್ದಾಗ ಪುಟ್ಟಿ ಶಾಲೆಯಿಂದ ಬಂದು ಪಕ್ಕದಲ್ಲಿ ಕೂತಳು.

"ದೊಡ್ಡಮ್ಮಾ, ನಿಂಗೆ ಕೋಪ ಬರಲ್ವಾ?"

"ಬರುತ್ತೆ. ಯಾರ ಮೇಲೆ ಅಂತ ಗೊತ್ತಾಗಲ್ಲ."

ಹುಡುಗಿ ಚೀಲ ಮುಟ್ಟಿ ನೋಡಿದಳು, ತಣ್ಣಗಾಗಿತ್ತು. ಅದನ್ನು ತೆಗೆದುಕೊಂಡು ನೀರು ಕಾಯಿಸಲು ಒಳಗೆ ಹೋದಳು. ಅಲ್ಲಿ ಅವಳ ಅಜ್ಜಿ ಆಗಲೇ ನೀರಿಟ್ಟುಕೊಂಡು ಒಲೆಯ ಮುಂದೆ ನಿಂತಿದ್ದಳು.